ಲಿಂಕನ್ ಹತ್ಯೆ ಪಿತೂರಿ ಮೊಕದ್ದಮೆ ನಡೆದ ಕೋಣೆ: ಗ್ರ್ಯಾಂಟ್ ಹಾಲ್ ಒಳಗೆ ಹೋಗುವುದು ಹೇಗೆ, ಹೋದರೆ ಏನು ನೋಡಬೇಕು?

ದಾರಿಹೋಕ
ವಾಷಿಂಗ್ಟನ್‌ಗೆ ಹೋದವರೆಲ್ಲ ಫೋರ್ಡ್ಸ್ ಥಿಯೇಟರ್ ನೋಡಿ ಬರುತ್ತಾರೆ. ಅಮೆರಿಕದ ಅಧ್ಯಕ್ಷ ಲಿಂಕನ್ ಮೇಲೆ ಗುಂಡು ಹಾರಿದ್ದು ಅಲ್ಲಿ, ಸರಿ. ಆದರೆ 8 ಜನರನ್ನು ಕಟಕಟೆಯಲ್ಲಿ ಕೂರಿಸಿ 1865ರ ಮೇ, ಜೂನ್ ತಿಂಗಳಲ್ಲಿ ವಿಚಾರಣೆ ನಡೆಸಿದ ಕೋಣೆಯೂ ಅದೇ ಊರಿನ ಫೋರ್ಟ್ ಮೆಕ್‌ನೇರ್ ಎಂಬ ಸೇನಾ ನೆಲೆಯಲ್ಲಿ ಉಳಿದಿದೆಯಂತೆ. ಪ್ರವೇಶ ಯಾವಾಗ? ಒಳಗಿರುವುದು ಅಸಲಿಯೋ ಮರುಸೃಷ್ಟಿಯೋ? ಒಂದೇ ದಿನದಲ್ಲಿ ಇದರ ಜೊತೆ ಬೇರೆ ಏನೇನು ನೋಡಬಹುದು? ತಿಳಿದವರು ಬರೆಯಿರಿ.

ನಕ್ಷೆಗಾರ
ಮೊದಲು ತಿಳಿಯಬೇಕಾದ್ದು, ಇದು ಟಿಕೆಟ್ ಕೊಂಡು ಒಳಹೋಗುವ ಮ್ಯೂಸಿಯಂ ಅಲ್ಲ. ಫೋರ್ಟ್ ಲೆಸ್ಲಿ ಜೆ. ಮೆಕ್‌ನೇರ್ ಇವತ್ತಿಗೂ ಕೆಲಸ ಮಾಡುತ್ತಿರುವ ಸೇನಾ ನೆಲೆ. ನ್ಯಾಷನಲ್ ಡಿಫೆನ್ಸ್ ಯೂನಿವರ್ಸಿಟಿ ಇರುವುದೂ ಅಲ್ಲೇ. ಆಡಳಿತ ಜಾಯಿಂಟ್ ಬೇಸ್ ಮೈಯರ್-ಹೆಂಡರ್ಸನ್ ಹಾಲ್ ಎಂಬ ನೆಲೆಯದು. ಆ ನೆಲೆಯವರು ವರ್ಷಕ್ಕೆ ನಾಲ್ಕು ಬಾರಿ, ಮೂರು ತಿಂಗಳಿಗೊಂದರಂತೆ, ಶನಿವಾರ ಸಾರ್ವಜನಿಕರಿಗೆ ಗ್ರ್ಯಾಂಟ್ ಹಾಲ್ ತೆರೆಯುತ್ತಾರೆ. ಹಾಗಾಗಿ ಪ್ರಯಾಣದ ದಿನಾಂಕ ಗೊತ್ತುಮಾಡಿ ಆಮೇಲೆ ಇದನ್ನು ಹುಡುಕಿದರೆ ಹೊಂದುವುದೇ ಇಲ್ಲ. ಮೊದಲು ನೆಲೆಯ ಅಧಿಕೃತ ಪ್ರಕಟಣೆಯಲ್ಲಿ ಆ ಶನಿವಾರ ಯಾವುದೆಂದು ನೋಡಿ, ಆಮೇಲೆ ವಿಮಾನದ ಟಿಕೆಟ್.

ಇನ್ನೊಂದು ಎಚ್ಚರ. ಹಳೇ ಪ್ರವಾಸಿ ಲೇಖನಗಳಲ್ಲಿ ಬರೆದ ತಿಂಗಳು, ಗಂಟೆಗಳನ್ನು ನಂಬಿ ಹೋಗಬೇಡಿ. ಸೇನಾ ನೆಲೆಯ ಭದ್ರತಾ ಮಟ್ಟ ಏರಿದರೆ ಸಾರ್ವಜನಿಕ ದಿನವೇ ರದ್ದಾಗುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಿಂದಿನ ದಿನ ಸಂಜೆ ಇನ್ನೊಮ್ಮೆ ಪ್ರಕಟಣೆ ನೋಡುವುದು ಕಡ್ಡಾಯ ಅಂದುಕೊಳ್ಳಿ.

ಹೋಗುವ ದಾರಿ ಸುಲಭ. ಮೆಟ್ರೋದ ಗ್ರೀನ್ ಲೈನ್, ವಾಟರ್‌ಫ್ರಂಟ್ ನಿಲ್ದಾಣ. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಕಾಲು ಗಂಟೆಯ ದಾರಿ.

ಪಾಟೀಸವಾಲು
ನಕ್ಷೆಗಾರರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಜನ ಎಡವುವುದು ಗೇಟಿನಲ್ಲಿ. ಫೋನಿನ ನಕ್ಷೆ ‘ಫೋರ್ಟ್ ಮೆಕ್‌ನೇರ್’ ಎಂದರೆ ಪಿ ಸ್ಟ್ರೀಟ್ ಕಡೆಯ ದೊಡ್ಡ ಗೇಟಿಗೆ ಒಯ್ಯುತ್ತದೆ. ಸಂದರ್ಶಕರ ಗೇಟ್ ಇರುವುದು ಸೆಕೆಂಡ್ ಸ್ಟ್ರೀಟ್ ಎಸ್‌ಡಬ್ಲ್ಯೂ ಕಡೆ. ಒಂದರಿಂದ ಇನ್ನೊಂದಕ್ಕೆ ಗೋಡೆಯ ಹೊರಗೇ ಸುತ್ತಬೇಕು. ಯಾವ ಗೇಟ್ ಎಂದು ಆ ದಿನದ ಪ್ರಕಟಣೆಯಲ್ಲೇ ಬರೆದಿರುತ್ತದೆ, ಅದನ್ನು ಫೋನಿನಲ್ಲಿ ಉಳಿಸಿಕೊಂಡು ಹೋಗಿ.

ಗುರುತಿನ ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ. ಚೀಟಿ ನೋಡಿ ಸುಮ್ಮನೆ ಕೈ ಬೀಸುವುದೂ ಇಲ್ಲ, ಹಿನ್ನೆಲೆ ಪರಿಶೀಲನೆ ಆಗುತ್ತದೆ. ಸಾಲು ನಿಧಾನ ಸಾಗಲು ಅದೇ ಕಾರಣ. 2025ರ ಮೇ 7ರಿಂದ ಅಮೆರಿಕದ ಒಕ್ಕೂಟ ಸರಕಾರದ ಜಾಗಗಳಿಗೆ ರಿಯಲ್ ಐಡಿ ನಿಯಮ ಜಾರಿಯಲ್ಲಿದೆ. ಅಂದರೆ ಅಲ್ಲಿನ ರಾಜ್ಯಗಳು ಕೊಟ್ಟ ಹಳೇ ಬಗೆಯ ಚಾಲನಾ ಪರವಾನಗಿ ಸಾಕಾಗದು. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡು ಬರುವವರು ಪ್ರಕಟಣೆಯಲ್ಲಿರುವ ಸಂಪರ್ಕಕ್ಕೆ ಕೆಲವು ವಾರ ಮೊದಲೇ ಬರೆದು, ಉತ್ತರವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಗೇಟಿನ ಸಿಪಾಯಿ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಕೀಲಿಗೊಂಚಲಿನ ಪುಟ್ಟ ಚಾಕು ಹೋಟೆಲಿನಲ್ಲೇ ಇರಲಿ. ಕಾವಲು ಚೌಕಿ, ಗೇಟು, ಕಾವಲುಗಾರರ ಫೋಟೋ ತೆಗೆಯಬೇಡಿ. ಡ್ರೋನ್ ಬಗ್ಗೆ ಕೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ: ಇಡೀ ವಾಷಿಂಗ್ಟನ್ ಡ್ರೋನ್ ನಿಷೇಧಿತ ಪ್ರದೇಶ.

ಹಳೇಕಡತ
ಅಸಲಿಯೋ ಮರುಸೃಷ್ಟಿಯೋ ಎಂಬ ಪ್ರಶ್ನೆಗೆ ಉತ್ತರ: ಜಾಗ ಅಸಲಿ, ಸಾಮಾನು ಹೊಸದು. ಇದನ್ನು ತಿಳಿದು ಹೋದರೆ ನಿರಾಸೆ ಇಲ್ಲ.

ಆ ಭೂಶಿರದಲ್ಲಿ ಆಗ ಇದ್ದದ್ದು ವಾಷಿಂಗ್ಟನ್ ಆರ್ಸೆನಲ್, ಅಂದರೆ ಮದ್ದುಗುಂಡಿನ ಕೋಠಿ. ಅದರ ಒತ್ತಿಗೇ ಒಕ್ಕೂಟದ ಸೆರೆಮನೆ. ಚಾರ್ಲ್ಸ್ ಬುಲ್‌ಫಿಂಚ್ ವಿನ್ಯಾಸ, 1831ರಲ್ಲಿ ಕೈದಿಗಳು ಬಂದರು. ಅಂತರ್ಯುದ್ಧದ ನಡುವೆ, 1862ರಲ್ಲಿ, ಲಿಂಕನ್ನರೇ ಸೆರೆಮನೆ ಮುಚ್ಚಿಸಿ ಕಟ್ಟಡವನ್ನು ಆರ್ಸೆನಲ್‌ಗೆ ಒಪ್ಪಿಸಿದ್ದರು. ಮೂರು ವರ್ಷದ ಬಳಿಕ ಅವರ ಕೊಲೆಯ ಆರೋಪಿಗಳನ್ನು ತಂದು ಕೂಡಿದ್ದು ಅಲ್ಲಿಗೇ. 1860ರ ದಶಕದ ಕೊನೆಗೆ ಸೆರೆಮನೆಯ ಬಹುಪಾಲು ಕೆಡವಿದರು. ಪೂರ್ವದ ತುದಿಯ ತುಂಡು ಉಳಿಯಿತು. ಅದೇ ಗ್ರ್ಯಾಂಟ್ ಹಾಲ್, ನೆಲೆಯ ಲೆಕ್ಕದಲ್ಲಿ 20ನೇ ಕಟ್ಟಡ. ಆಮೇಲೆ ಅದನ್ನು ವಸತಿಗೆ, ಕಚೇರಿಗೆ ಬಳಸಿ, ಗೋಡೆ ಒಡ್ಡಿ, ಒಳಗೆಲ್ಲ ಬದಲಾಯಿಸಿದರು. ವಿಚಾರಣೆಯ ಕೋಣೆಯನ್ನು 1865ರ ರೂಪಕ್ಕೆ ತಂದಿದ್ದು ಈ ಶತಮಾನದ ಕೆಲಸ.

ಆದ್ದರಿಂದ ಮೇಜು ಕುರ್ಚಿ ಮುಟ್ಟಿ ‘ಇದರ ಮೇಲೆ ಮೇರಿ ಸರ‍್ರಾಟ್ ಕೂತಿದ್ದಳು’ ಎಂದು ಪುಳಕಗೊಳ್ಳಬೇಡಿ (ಮೇರಿ ಆ 8 ಆರೋಪಿಗಳಲ್ಲಿದ್ದ ಒಬ್ಬಳೇ ಹೆಂಗಸು). ಅವುಗಳಲ್ಲಿ ಕೆಲವು ಇದೇ ಮೊಕದ್ದಮೆಯ ಬಗ್ಗೆ 2010ರಲ್ಲಿ ಬಂದ ಚಲನಚಿತ್ರವೊಂದರ ಸೆಟ್ಟಿನಿಂದ ಬಂದವು. ಇದರಲ್ಲಿ ಮೋಸವೇನಿಲ್ಲ. ಆಗಿನ ರೇಖಾಚಿತ್ರ, ಪತ್ರಿಕಾ ವರದಿಗಳನ್ನು ನೋಡಿಯೇ ಮಾಡಿಸಿದ್ದಾರೆ. ಆ ಕೋಣೆಯಲ್ಲಿ ನಂಬಬೇಕಾದ್ದು ಅಳತೆಯನ್ನು, ದಿಕ್ಕನ್ನು, ಯಾರ ಎದುರು ಯಾರು ಕೂತಿದ್ದರು ಎಂಬುದನ್ನು. ಮರದ ಮೇಲಿನ ಗೀರುಗಳನ್ನಲ್ಲ.

ದಾರಿಹೋಕ
ಹಾಗಾದರೆ ಕೋಣೆಯಲ್ಲಿ ನಿಂತಾಗ ಏನನ್ನು ಹುಡುಕಬೇಕು? ಹತ್ತು ನಿಮಿಷದಲ್ಲಿ ನೋಡಿ ಮುಗಿಯುವಷ್ಟೇ ಇದೆಯೇ?

ಕಟಕಟೆ
ತಯಾರಿ ಇಲ್ಲದೆ ಹೋದರೆ ಹತ್ತಲ್ಲ, ಐದೇ ನಿಮಿಷ. ತಯಾರಾಗಿ ಹೋದರೆ ಒಂದು ಗಂಟೆ ಸಾಲದು.

ಮೊದಲು ಮಹಡಿ. ‘ಥರ್ಡ್ ಫ್ಲೋರ್’ ಎಂದು ಬರೆದಿರುತ್ತದೆ. ಅಮೆರಿಕದ ಲೆಕ್ಕದಲ್ಲಿ ನೆಲದಂತಸ್ತೇ ಒಂದನೆಯದು, ಹಾಗಾಗಿ ನಮ್ಮ ಲೆಕ್ಕಕ್ಕೆ ಎರಡನೇ ಮಹಡಿ. ಮೆಟ್ಟಿಲು ಹತ್ತಲಾಗದ ಹಿರಿಯರು ಜೊತೆಗಿದ್ದರೆ ಮೊದಲೇ ಬರೆದು ಕೇಳಿಕೊಳ್ಳಿ.

ಅಳತೆ: ಆಗಿನ ವರದಿಯ ಪ್ರಕಾರ ಸುಮಾರು 45 ಅಡಿ ಉದ್ದ, 30 ಅಡಿ ಅಗಲ. ನಮ್ಮವರಿಗೆ 30-40 ಸೈಟು ಎಂದರೆ ಕಣ್ಣಳತೆ ತಾನಾಗಿ ಬರುತ್ತದೆ. ಅದಕ್ಕಿಂತ 5 ಅಡಿ ಉದ್ದ, ಅಷ್ಟೇ. ಸೂರು ತಗ್ಗು, ನಡುವೆ ಸೂರು ಹೊತ್ತ ಮರದ ಕಂಬಗಳು, ಕಬ್ಬಿಣದ ಸರಳು ಹಾಕಿದ 4 ಕಿಟಕಿ. ಈಗ ಜನರನ್ನು ತುಂಬಿ ನೋಡಿ. 8 ಆರೋಪಿಗಳು, 9 ಸೇನಾಧಿಕಾರಿಗಳು, 3 ಸರಕಾರಿ ವಕೀಲರು. ಇಷ್ಟಕ್ಕೇ 20 ಆಯಿತು. ಆರೋಪಿಗಳ ಪಕ್ಕ ಪಕ್ಕ ಕಾವಲುಗಾರರು, ಪ್ರತಿವಾದಿ ವಕೀಲರು, ಶೀಘ್ರಲಿಪಿಕಾರರು, ಪತ್ರಕರ್ತರು, ಕೊನೆಗೆ ಪಾಸು ಗಿಟ್ಟಿಸಿ ನೋಡಲು ಬಂದವರು. ಹೊರಗೆ ವಾಷಿಂಗ್ಟನ್ನಿನ ಜೂನ್ ತಿಂಗಳ ಸೆಕೆ. ಕಲಾಪ ಮೇ 9ರಂದು ಶುರುವಾಗಿ ಜೂನ್ 30ಕ್ಕೆ ಮುಗಿಯಿತು, ಏಳು ವಾರಕ್ಕೂ ಮಿಕ್ಕಿ. 366 ಸಾಕ್ಷಿಗಳು ಆ ಕೋಣೆಯ ನಡುವೆ ಬಂದು ಹೋದರು.

ಪಶ್ಚಿಮದ ಗೋಡೆಯ ಬದಿಗೆ ಕಟಕಟೆ. ನೆಲದಿಂದ ಒಂದಡಿ ಎತ್ತರದ, ಸುಮಾರು 4 ಅಡಿ ಅಗಲದ ಜಗಲಿ, ಮುಂದೆ ಮರದ ಕಂಬಿ. ಅಲ್ಲೇ ಸೆರೆಕೋಣೆಗಳ ಕಡೆಯಿಂದ ಕೈದಿಗಳನ್ನು ಕರೆತರುತ್ತಿದ್ದ ಬಾಗಿಲು. ಈ ಬಾಗಿಲನ್ನು ಚೆನ್ನಾಗಿ ನೋಡಿ. ಕೈದಿಗಳು ಬೀದಿ ನೋಡದೆ, ಅಂಗಳ ತುಳಿಯದೆ, ಸೆರೆಕೋಣೆಯಿಂದ ನೇರ ಕಟಕಟೆಗೆ ಬರುತ್ತಿದ್ದರು. ಆ ಕಡೆಯ ಸೆರೆಕೋಣೆಗಳ ಭಾಗ ಈಗ ಇಲ್ಲ. ಗೋಡೆಯಾಚೆ ಬರೀ ಬಯಲು. ಕಟ್ಟಡ ಸುತ್ತುವಾಗ ಹೊರಗಿನಿಂದಲೂ ಆ ಬದಿಗೆ ಹೋಗಿ ನಿಲ್ಲಿ, ಕಡಿದುಹೋದ ಕಟ್ಟಡ ಎಂಬುದು ಆಗ ಅರ್ಥವಾಗುತ್ತದೆ.

ಗಂಡಸರನ್ನು ಒಬ್ಬರ ಪಕ್ಕ ಒಬ್ಬರಂತೆ, ನಡುವೆ ಒಬ್ಬೊಬ್ಬ ಕಾವಲುಗಾರನನ್ನಿಟ್ಟು ಕೂರಿಸಿದ್ದರು. ಮೇರಿ ಸರ‍್ರಾಟ್ ಒಂದು ತುದಿಯಲ್ಲಿ, ಬೇರೆಯಾಗಿ, ಮುಖದ ಮೇಲೆ ಕಪ್ಪು ಮುಸುಕು ಎಳೆದುಕೊಂಡು. ಗಂಡಸರಲ್ಲಿ ಹೆಚ್ಚಿನವರ ಕೈಗೆ ಹಾಕಿದ್ದು ಸಾಮಾನ್ಯ ಸರಪಳಿಯ ಕೋಳವಲ್ಲ. ಎರಡು ಬಳೆಗಳ ನಡುವೆ ಸರಪಳಿಯ ಬದಲು ಗಟ್ಟಿ ಕಬ್ಬಿಣದ ಪಟ್ಟಿ ಇರುವ ಬಗೆ. ಎರಡು ಕೈ ಒಟ್ಟಿಗೆ ತಂದು ಮೂಗು ಒರೆಸಿಕೊಳ್ಳುವುದೂ ಕಷ್ಟ.

ಸಾಕ್ಷಿಪುಟ
ಮುಸುಕಿನ ಚೀಲದ ಮಾತೂ ಸೇರಲಿ. ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟ್ಯಾಂಟನ್ ಆಜ್ಞೆಯಂತೆ ಗಂಡಸರಲ್ಲಿ ಹೆಚ್ಚಿನವರಿಗೆ ದಪ್ಪ ಬಟ್ಟೆಯ ಟೋಪಿಚೀಲ ತೊಡಿಸಿಡುತ್ತಿದ್ದರು. ಕಣ್ಣಿಗೆ ತೂತಿಲ್ಲ, ಉಸಿರಿಗೆ ಮತ್ತು ಊಟಕ್ಕೆ ಮಾತ್ರ ಜಾಗ. ಸೆರೆಮನೆಯ ಹೊಣೆ ಹೊತ್ತಿದ್ದ ಜನರಲ್ ಜಾನ್ ಹಾರ್ಟ್‌ರಾನ್ಫ್ಟ್ ಕೈದಿಗಳ ಸ್ಥಿತಿಯನ್ನು ದಿನವೂ ಮೇಲಕ್ಕೆ ವರದಿ ಮಾಡುತ್ತಿದ್ದರು. ಜೂನ್‌ನಲ್ಲಿ ಹೆಚ್ಚಿನವರ ಚೀಲಗಳು ಕಳಚಿದವು. ಕೋಣೆಯೊಳಗೆ ವಿಚಾರಣೆ ನಡೆಯುವಾಗ ಚೀಲ ತೆಗೆದಿರುತ್ತಿದ್ದರು, ಪತ್ರಿಕೆಗಳ ಚಿತ್ರಗಳಲ್ಲಿ ಮುಖ ಕಾಣುವುದು ಅದಕ್ಕೇ. ಆ ಅಸಲಿ ಚೀಲಗಳು ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿವೆ.

ಮೂಕಪ್ರೇಕ್ಷಕ
ಒಂದು ತಕರಾರು. ಎಲ್ಲರೂ ‘ಮೊಕದ್ದಮೆ’, ‘ಕಟಕಟೆ’ ಎನ್ನುತ್ತಿದ್ದೀರಿ. ಅದು ನ್ಯಾಯಾಲಯವೇ ಆಗಿರಲಿಲ್ಲವಲ್ಲ?

ಪಾಟೀಸವಾಲು
ಸರಿಯಾದ ತಕರಾರು, ದಾಖಲಾಗಲಿ. ಅದು ಮಿಲಿಟರಿ ಕಮಿಷನ್. ನ್ಯಾಯಾಧೀಶರಿಲ್ಲ, ಜ್ಯೂರಿ ಇಲ್ಲ. ಮೇಜರ್ ಜನರಲ್ ಡೇವಿಡ್ ಹಂಟರ್ ಅಧ್ಯಕ್ಷತೆಯಲ್ಲಿ 9 ಸೇನಾಧಿಕಾರಿಗಳು, ತೀರ್ಪು ಕೊಡುವವರೂ ಅವರೇ, ಶಿಕ್ಷೆ ಅಳೆಯುವವರೂ ಅವರೇ. ಸರಕಾರದ ಪರ ಜಡ್ಜ್ ಅಡ್ವೊಕೇಟ್ ಜನರಲ್ (ಸೇನೆಯ ಮುಖ್ಯ ಕಾನೂನು ಅಧಿಕಾರಿ) ಜೋಸೆಫ್ ಹೋಲ್ಟ್, ಜೊತೆಗೆ ಜಾನ್ ಬಿಂಗಮ್ ಮತ್ತು ಹೆನ್ರಿ ಬರ್ನೆಟ್. ಹೋಲ್ಟ್ ಕೆಲಸವೇ ಎರಡು ದೋಣಿಯ ಮೇಲೆ ಕಾಲು: ಆರೋಪಿಗಳ ವಿರುದ್ಧ ವಾದಿಸಬೇಕು, ಕಾನೂನಿನ ವಿಷಯ ಬಂದರೆ ಕಮಿಷನ್‌ಗೆ ಸಲಹೆಯನ್ನೂ ಕೊಡಬೇಕು.

ಕೋಣೆಯಲ್ಲಿ ನಿಂತು ಕಮಿಷನ್ನಿನ ಉದ್ದ ಮೇಜಿಗೂ ಸರಕಾರಿ ವಕೀಲರ ಜಾಗಕ್ಕೂ ಎಷ್ಟು ದೂರ, ಪ್ರತಿವಾದಿ ವಕೀಲರಿಗೆ ಎಷ್ಟು ದೂರ ಎಂದು ಕಣ್ಣಿನಲ್ಲೇ ಅಳೆಯಿರಿ. ಪುಸ್ತಕ ಓದಿದರೆ ಸಿಗದ ವಿಷಯ ಅದು.

ಲೆಕ್ಕವೂ ಬೇರೆ. ಅಪರಾಧ ಸಾಬೀತಿಗೆ ಬರೀ ಬಹುಮತ ಸಾಕು, 9ರಲ್ಲಿ 5. ಮರಣದಂಡನೆಗೆ ಮೂರರಲ್ಲಿ ಎರಡು ಪಾಲು, ಅಂದರೆ 6. ಸಾಮಾನ್ಯ ಜ್ಯೂರಿ ಆಗಿದ್ದರೆ 12ಕ್ಕೆ 12 ಒಪ್ಪಬೇಕಿತ್ತು. ಈ ಅಂತರ ಸಣ್ಣದಲ್ಲ. 1867ರಲ್ಲಿ ಮೇರಿಯ ಮಗ ಜಾನ್ ಸರ‍್ರಾಟ್‌ನನ್ನು, ಈಜಿಪ್ಟ್‌ನಿಂದ ಹಿಡಿದು ತಂದು, ಸಾಮಾನ್ಯ ನ್ಯಾಯಾಲಯದಲ್ಲಿ ವಿಚಾರಿಸಿದಾಗ ಜ್ಯೂರಿ ಒಮ್ಮತಕ್ಕೆ ಬರಲೇ ಇಲ್ಲ. ಅವನು ಮನೆಗೆ ಹೋದ. ಅವನಮ್ಮ ಆಗಲೇ ಮಣ್ಣಿನಲ್ಲಿದ್ದಳು.

ಮತ್ತೊಂದು: ಕಟಕಟೆಯಲ್ಲಿದ್ದ ಎಂಟೂ ಜನರಲ್ಲಿ ಒಬ್ಬರೂ ಸಾಕ್ಷಿ ಹೇಳಲಿಲ್ಲ. ಹೆದರಿಕೆಯಿಂದಲ್ಲ. ಆಗಿನ ನಿಯಮದಂತೆ ಆರೋಪಿ ತನ್ನ ಪರವಾಗಿ ತಾನೇ ಪ್ರಮಾಣ ಮಾಡಿ ಹೇಳಿಕೆ ಕೊಡುವಂತಿರಲಿಲ್ಲ. ಒಕ್ಕೂಟದ ನ್ಯಾಯಾಲಯಗಳಲ್ಲಿ ಅದು ಬದಲಾಗಿದ್ದು 1878ರಲ್ಲಿ. ಆ ಜಗಲಿಯ ಮೇಲೆ ಏಳು ವಾರ ಎಂಟು ಜನ ಬಾಯಿ ಕಟ್ಟಿ ಕೂತಿದ್ದರು, ತಮ್ಮ ಕಥೆಯನ್ನು 366 ಮಂದಿ ಬೇರೆಯವರು ಹೇಳುವುದನ್ನು ಕೇಳುತ್ತಾ.

ಹಳೇಕಡತ
ಪಾಟೀಸವಾಲು ಅವರೇ, ಸರಕಾರದ ಮುಖ್ಯ ವಕೀಲ, ಅಟಾರ್ನಿ ಜನರಲ್ ಜೇಮ್ಸ್ ಸ್ಪೀಡ್ ಅಭಿಪ್ರಾಯವನ್ನು ಬಿಟ್ಟಿರಿ. ಯುದ್ಧ ಪೂರ್ತಿ ನಿಂತಿರಲಿಲ್ಲ, ಕೊಲೆಯಾದದ್ದು ಸೇನೆಯ ಮಹಾದಂಡನಾಯಕ, ಆದ್ದರಿಂದ ಸೇನಾ ವಿಚಾರಣೆ ಸರಿ ಎಂಬುದು ಸರಕಾರದ ನಿಲುವು. ಅದನ್ನು ಪೂರ್ತಿ ಹುಸಿ ಎನ್ನಲಾಗದು.

ಪಾಟೀಸವಾಲು
ಹುಸಿ ಎಂದಿಲ್ಲ. ಆದರೆ ವಾಷಿಂಗ್ಟನ್ನಿನಲ್ಲಿ ಸಾಮಾನ್ಯ ನ್ಯಾಯಾಲಯಗಳು ಬಾಗಿಲು ತೆರೆದೇ ಇದ್ದವು. ಮರುವರ್ಷ, 1866ರಲ್ಲಿ, ಇಂಡಿಯಾನಾದ ಮಿಲಿಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಅದು: ನ್ಯಾಯಾಲಯಗಳು ನಡೆಯುತ್ತಿರುವಲ್ಲಿ ನಾಗರಿಕರನ್ನು ಸೇನಾ ಕಮಿಷನ್ ವಿಚಾರಿಸುವಂತಿಲ್ಲ. ಮೇರಿ ಸರ‍್ರಾಟ್ ಪರ ಸೆನೆಟರ್ ರೆವರ್ಡಿ ಜಾನ್ಸನ್ 1865ರ ಜೂನ್‌ನಲ್ಲಿ ಅದೇ ಕೋಣೆಯಲ್ಲಿ ಎತ್ತಿದ ತಕರಾರೂ ಅದೇ ಆಗಿತ್ತು. ಅವರು ಬರೆದುಕೊಟ್ಟರು, ಕಿರಿಯ ವಕೀಲ ಕ್ಲಾಂಪಿಟ್ ಓದಿದರು, ಕಮಿಷನ್ ಒಪ್ಪಲಿಲ್ಲ. ವಾದ ಸರಿಯಿತ್ತು, ಒಂದು ವರ್ಷ ಬೇಗ ಬಂತು.

ಎಂಟು ಆರೋಪಿಗಳಲ್ಲಿ ಒಬ್ಬನಾಗಿದ್ದ ಡಾಕ್ಟರ್ ಸ್ಯಾಮ್ಯುಯೆಲ್ ಮಡ್ ವಂಶಸ್ಥರು ಇದೇ ಜಗಳವನ್ನು ಬಿಡಲಿಲ್ಲ. ಕೊನೆಯ ಮೇಲ್ಮನವಿ ವಾಷಿಂಗ್ಟನ್ನಿನ ಒಕ್ಕೂಟ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದದ್ದು 2002ರಲ್ಲಿ.

ಬಿಸಿಲುಕೋಲು
ಗಲ್ಲು ಕಂಬ ಇದ್ದ ಜಾಗದಲ್ಲಿ ಈಗ ಟೆನಿಸ್ ಆಡುತ್ತಾರೆ ಎಂದು ಕೇಳಿದ್ದು ನಿಜವೇ?

ನಕ್ಷೆಗಾರ
ನಿಜ. ಸೆರೆಮನೆಯ ಅಂಗಳ ಇದ್ದ ಕಡೆ ಟೆನಿಸ್ ಅಂಕಣ ಬಂದಿದೆ. ಸಾರ್ವಜನಿಕ ದಿನದಲ್ಲಿ ಮಾರ್ಗದರ್ಶಕರು ತೋರಿಸುತ್ತಾರೆ. ಅಲ್ಲಿ ನಿಲ್ಲುವ ಮೊದಲು ಗಲ್ಲಿನ ದಿನ ಅಲೆಕ್ಸಾಂಡರ್ ಗಾರ್ಡ್ನರ್ ತೆಗೆದ ಫೋಟೋಗಳನ್ನು ಫೋನಿಗೆ ಇಳಿಸಿಕೊಂಡಿರಿ. ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದಲ್ಲಿ ದೊಡ್ಡ ಗಾತ್ರದಲ್ಲೇ ಸಿಗುತ್ತವೆ. ಫೋಟೋದಲ್ಲಿ ಹಿಂದೆ ಕಾಣುವ ಎತ್ತರದ ಇಟ್ಟಿಗೆ ಗೋಡೆ ಈಗ ಇಲ್ಲ, ಅದನ್ನು ಹುಡುಕುತ್ತಾ ದಿಕ್ಕು ತಪ್ಪುತ್ತಾರೆ. ಗ್ರ್ಯಾಂಟ್ ಹಾಲ್‌ನ ಗೋಡೆಯಿಂದ ಲೆಕ್ಕ ಹಿಡಿದು ಹೊರಡಿ.

ಕಾಲದ ಲೆಕ್ಕವನ್ನೂ ಅಲ್ಲೇ ಹಾಕಿಕೊಳ್ಳಿ. ಜೂನ್ 30ಕ್ಕೆ ತೀರ್ಮಾನ. ಜುಲೈ 5ರಂದು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಸಹಿ. 6ರಂದು ಕೈದಿಗಳಿಗೆ ತಿಳಿಸಿದರು. 7ರ ಮಧ್ಯಾಹ್ನ ಒಂದೂವರೆಯ ಆಸುಪಾಸಿಗೆ ಮೇರಿ ಸರ‍್ರಾಟ್, ಲೂಯಿಸ್ ಪೊವೆಲ್, ಡೇವಿಡ್ ಹೆರಾಲ್ಡ್, ಜಾರ್ಜ್ ಆಟ್ಜೆರಾಟ್ ನಾಲ್ವರೂ ಒಟ್ಟಿಗೆ ನೇಣಿಗೆ. ಶಿಕ್ಷೆ ತಿಳಿದು ಸಾಯಲು ಸಿಕ್ಕಿದ್ದು ಒಂದು ರಾತ್ರಿ. ಆ ಬೆಳಗ್ಗೆ ನ್ಯಾಯಾಧೀಶ ಆಂಡ್ರ್ಯೂ ವೈಲಿ ಮೇರಿಗಾಗಿ ಹೇಬಿಯಸ್ ಕಾರ್ಪಸ್ ಆಜ್ಞೆ, ಅಂದರೆ ಬಂಧಿತಳನ್ನು ನ್ಯಾಯಾಲಯದ ಮುಂದೆ ತನ್ನಿ ಎಂಬ ಆಜ್ಞೆ ಹೊರಡಿಸಿದರು. ಅಧ್ಯಕ್ಷರು ಆ ಆಜ್ಞೆಯನ್ನೇ ಅಮಾನತಿನಲ್ಲಿಟ್ಟರು, ಜನರಲ್ ಹ್ಯಾನ್‌ಕಾಕ್ ಆ ಕಾಗದ ಹಿಡಿದು ನ್ಯಾಯಾಧೀಶರ ಮುಂದೆ ಹಾಜರಾದರು. ಅಲ್ಲಿಗೆ ಮುಗಿಯಿತು.

ಶವಗಳನ್ನು ಗಲ್ಲಿನ ಪಕ್ಕದಲ್ಲೇ, ಬಂದೂಕು ತುಂಬುವ ಪೆಟ್ಟಿಗೆಗಳಲ್ಲಿ ಹೂತರು. ಯಾರದು ಯಾವುದೆಂದು ತಿಳಿಯಲಿ ಎಂದು ಹೆಸರು ಬರೆದ ಚೀಟಿಯನ್ನು ಗಾಜಿನ ಸೀಸೆಯಲ್ಲಿ ಹಾಕಿ ಇಟ್ಟಿದ್ದರು. 1869ರಲ್ಲಿ ಶವಗಳನ್ನು ಬಿಟ್ಟುಕೊಟ್ಟರು. ಮೇರಿಯ ಸಮಾಧಿ ಈಗ ವಾಷಿಂಗ್ಟನ್ನಿನ ಮೌಂಟ್ ಆಲಿವೆಟ್‌ನಲ್ಲಿದೆ. ಕೊಲೆಗಾರ ಜಾನ್ ವಿಲ್ಕ್ಸ್ ಬೂತ್‌ನ ದೇಹವೂ ಮೊದಲು ಇದೇ ಆರ್ಸೆನಲ್ ನೆಲದಡಿಯೇ ಇತ್ತು, ಆಮೇಲೆ ಬಾಲ್ಟಿಮೋರ್‌ಗೆ ಹೋಯಿತು.

ಬಿಸಿಲುಕೋಲು
ಮೇರಿಯ ದೆವ್ವ ಕಿಟಕಿಯಲ್ಲಿ ಕಾಣುತ್ತದಂತೆ?

ಹಳೇಕಡತ
ಮಾರ್ಗದರ್ಶಕರಿಗೆ ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅದಕ್ಕಿಂತ ಕೇಳಲು ಯೋಗ್ಯವಾದ ಪ್ರಶ್ನೆ ಒಂದಿದೆ: ಕಮಿಷನ್ನಿನ 9 ಜನರಲ್ಲಿ 5 ಜನ ಮೇರಿಯ ವಯಸ್ಸು, ಹೆಣ್ಣೆಂಬುದನ್ನು ಪರಿಗಣಿಸಿ ಗಲ್ಲು ತಪ್ಪಿಸಿ ಎಂದು ಬರೆದ ಮನವಿಗೆ ಸಹಿ ಹಾಕಿದ್ದರು. ಅದನ್ನು ಅಧ್ಯಕ್ಷರಿಗೆ ತೋರಿಸಿದೆ ಎಂದು ಹೋಲ್ಟ್, ನಾನು ನೋಡಲೇ ಇಲ್ಲ ಎಂದು ಜಾನ್ಸನ್. ಇಬ್ಬರೂ ಸಾಯುವವರೆಗೂ ತಮ್ಮ ಮಾತು ಬದಲಿಸಲಿಲ್ಲ.

ದಾರಿಹೋಕ
ಮೇರಿ ನಿಜವಾಗಿ ಪಿತೂರಿಯಲ್ಲಿದ್ದಳೇ? ಜಗಳ ಎಬ್ಬಿಸಲು ಕೇಳುತ್ತಿಲ್ಲ. ಹೋಗುವ ಮೊದಲು ಎರಡೂ ಕಡೆಯ ವಾದ ತಿಳಿದಿರಲಿ ಅಂತ.

ಸಾಕ್ಷಿಪುಟ
ಮೊಕದ್ದಮೆ ನಿಂತದ್ದು ಮುಖ್ಯವಾಗಿ ಇಬ್ಬರ ಮಾತಿನ ಮೇಲೆ. ಲೂಯಿಸ್ ವೈಕ್‌ಮನ್, ಅವಳ ಮನೆಯ ಬಾಡಿಗೆದಾರ. ಜಾನ್ ಲಾಯ್ಡ್, ಮೇರಿಲ್ಯಾಂಡ್‌ನ ಸರ‍್ರಾಟ್ಸ್‌ವಿಲ್‌ನಲ್ಲಿದ್ದ ಅವಳ ಹೆಂಡದಂಗಡಿಯನ್ನು ಗೇಣಿಗೆ ಹಿಡಿದವನು. ಏಪ್ರಿಲ್ 14ರ ಮಧ್ಯಾಹ್ನ, ಅಂದರೆ ಕೊಲೆಯ ದಿನವೇ, ಅವಳು ಅಲ್ಲಿಗೆ ಹೋಗಿ ಬೂತ್ ಕೊಟ್ಟ ದುರ್ಬೀನಿನ ಪೊಟ್ಟಣ ಒಪ್ಪಿಸಿ, ಬಂದೂಕುಗಳನ್ನು ಈ ರಾತ್ರಿಗೆ ಸಿದ್ಧವಿಡು ಎಂದಳು ಎಂಬುದು ಲಾಯ್ಡ್ ಸಾಕ್ಷ್ಯ. ಬೂತ್ ಮತ್ತು ಹೆರಾಲ್ಡ್ ಆ ನಡುರಾತ್ರಿ ಅಲ್ಲಿ ನಿಂತು ಒಂದು ಸ್ಪೆನ್ಸರ್ ಕಾರ್ಬೈನ್ ಪಡೆದುಕೊಂಡದ್ದಂತೂ ನಿಜ. ಇನ್ನೊಂದು ಗೋಡೆಯೊಳಗೆ ಜಾರಿಬಿದ್ದದ್ದು ಆಮೇಲೆ ಸಿಕ್ಕಿತು. ಪ್ರತಿವಾದಿಗಳ ಏಟು ಬಿದ್ದದ್ದು ಎರಡು ಕಡೆ. ಲಾಯ್ಡ್ ಆ ದಿನ ಕುಡಿದು ಮತ್ತನಾಗಿದ್ದ. ಮತ್ತು ಲಾಯ್ಡ್, ವೈಕ್‌ಮನ್ ಇಬ್ಬರೂ ತಾವೇ ಬಂಧನದಲ್ಲಿದ್ದು, ಬೇರೆಯವರತ್ತ ಬೆರಳು ತೋರಿಸಿ ಹೊರಬಂದವರು.

ಇನ್ನೊಂದು ಪೆಟ್ಟು ಏಪ್ರಿಲ್ 17ರ ರಾತ್ರಿಯದು. ಅವಳನ್ನು ಬಂಧಿಸಲು ಬಂದವರು ಮನೆಯಲ್ಲಿರುವಾಗಲೇ ಲೂಯಿಸ್ ಪೊವೆಲ್ ಗುದ್ದಲಿ ಹೊತ್ತು ಬಾಗಿಲು ತಟ್ಟಿದ, ಚರಂಡಿ ತೋಡಲು ಬಂದೆ ಎಂದ. ಇವನು ಯಾರೆಂದೇ ಗೊತ್ತಿಲ್ಲ ಎಂದಳು ಮೇರಿ. ಅವನು ಹಿಂದೆ ಆ ಮನೆಗೆ ಬಂದವನೇ. ಅವಳ ದೃಷ್ಟಿ ಮಂದ, ದೀಪದ ಬೆಳಕಿನಲ್ಲಿ ಗುರುತು ಸಿಗಲಿಲ್ಲ ಎಂದು ವಕೀಲರು ಸಾಕ್ಷಿಗಳನ್ನು ತಂದರು.

ಪಿತೂರಿ ಕಾನೂನಿನ ಗುಟ್ಟು ಇಲ್ಲಿದೆ. ಸಂಚಿನಲ್ಲಿ ಒಬ್ಬ ಸೇರಿದ್ದನೆಂದು ಸಾಬೀತಾದರೆ, ಆ ಸಂಚಿಗಾಗಿ ಉಳಿದವರು ಮಾಡಿದ್ದೆಲ್ಲ ಅವನ ತಲೆಗೂ ಬರುತ್ತದೆ. ಪೊವೆಲ್ ವಿದೇಶ ಕಾರ್ಯದರ್ಶಿ ಸೂವರ್ಡ್‌ಗೆ ಚೂರಿ ಹಾಕಿದವನು, ಆಟ್ಜೆರಾಟ್ ಉಪಾಧ್ಯಕ್ಷರನ್ನು ಕೊಲ್ಲುವ ಪಾಲು ಹೊತ್ತು ಹೆದರಿ ಕುಡಿಯಲು ಹೋದವನು. ಇಬ್ಬರಿಗೂ ಒಂದೇ ಹಗ್ಗ. ಥಿಯೇಟರಿನ ಕೆಲಸಗಾರ ಎಡ್ಮನ್ ಸ್ಪ್ಯಾಂಗ್ಲರ್‌ಗೆ 6 ವರ್ಷ. ಮಡ್, ಸ್ಯಾಮ್ಯುಯೆಲ್ ಆರ್ನಾಲ್ಡ್, ಮೈಕಲ್ ಓಲಾಫ್ಲಿನ್ ಮೂವರಿಗೂ ಜೀವಾವಧಿ. ನಾಲ್ವರನ್ನೂ ಫ್ಲಾರಿಡಾ ತುದಿಯ ಡ್ರೈ ಟಾರ್ಟುಗಾಸ್ ದ್ವೀಪದ ಫೋರ್ಟ್ ಜೆಫರ್ಸನ್‌ಗೆ ಸಾಗಿಸಿದರು. ಓಲಾಫ್ಲಿನ್ 1867ರಲ್ಲಿ ಅಲ್ಲೇ ಹಳದಿ ಜ್ವರಕ್ಕೆ ಸತ್ತ. ಆ ಜ್ವರದಲ್ಲಿ ರೋಗಿಗಳನ್ನು ನೋಡಿಕೊಂಡ ಮಡ್‌ಗೂ ಉಳಿದಿಬ್ಬರಿಗೂ 1869ರಲ್ಲಿ ಕ್ಷಮಾದಾನ ಸಿಕ್ಕಿತು.

ಕಟಕಟೆ
ಒಂದು ಸೇರ್ಪಡೆ. ಮೇರಿ ತಪ್ಪಿತಸ್ಥಳೇ ಎಂಬ ಪ್ರಶ್ನೆ ಒಂದು, ಅವಳಿಗೆ ಸಿಕ್ಕ ವಿಚಾರಣೆ ನ್ಯಾಯವೇ ಎಂಬ ಪ್ರಶ್ನೆ ಇನ್ನೊಂದು. ಎರಡನ್ನೂ ಕಲಸಿದರೆ ಆ ಕೋಣೆಯಲ್ಲಿ ಜಗಳವೇ ಗತಿ. ಅವಳು ಕೈಜೋಡಿಸಿದ್ದಳು ಎಂದು ನಂಬುವ ಇತಿಹಾಸಕಾರರಲ್ಲೂ ಸೇನಾ ವಿಚಾರಣೆ ತಪ್ಪು ಎನ್ನುವವರಿದ್ದಾರೆ.

ಹಳೇಕಡತ
ಓದಿಕೊಂಡು ಹೋಗುವವರಿಗೆ. ಸಾಕ್ಷ್ಯಗಳ ಮುದ್ರಿತ ರೂಪ ಒಂದಲ್ಲ. ಬೆನ್ ಪಿಟ್‌ಮನ್ ಸಂಪಾದಿಸಿದ ಅಧಿಕೃತ ಸಂಪುಟದಲ್ಲಿ ಪ್ರಶ್ನೋತ್ತರವನ್ನು ಕರಗಿಸಿ ಸಾಕ್ಷಿ ಒಂದೇ ಉಸಿರಿಗೆ ಹೇಳಿದಂತೆ ಬರೆದಿದ್ದಾರೆ, ಆರೋಪಿಗೊಬ್ಬರಂತೆ ವಿಂಗಡಿಸಿದ್ದಾರೆ. ಹುಡುಕಲು ಅನುಕೂಲ, ಆದರೆ ಪಾಟೀಸವಾಲಿನ ಕಾವು ಆರಿಹೋಗಿದೆ. ಯಾವ ಪ್ರಶ್ನೆಗೆ ಯಾವ ಉತ್ತರ ಬಂತು ಎಂದು ಬೇಕಾದರೆ ಬೆನ್ ಪರ್ಲಿ ಪೂರ್ ಹೊರತಂದ ಮೂರು ಸಂಪುಟ ನೋಡಿ. ಅದು ಪೂರ್ತಿಯಲ್ಲ, ಆದರೆ ಪ್ರಶ್ನೋತ್ತರದ ರೂಪದಲ್ಲೇ ಇದೆ. ಮೂಲ ಕಡತಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಂ599 ಎಂಬ ಮೈಕ್ರೋಫಿಲ್ಮ್ ಸಂಖ್ಯೆಯಲ್ಲಿವೆ, 16 ಸುರುಳಿ. ಎಲ್ಲ ಓದಲು ಹೊರಡಬೇಡಿ. ಲಾಯ್ಡ್ ಹೇಳಿಕೆ, ವೈಕ್‌ಮನ್ ಹೇಳಿಕೆ, ರೆವರ್ಡಿ ಜಾನ್ಸನ್ ವಾದ, ಬಿಂಗಮ್ ಅಂತಿಮ ವಾದ. ಈ ನಾಲ್ಕು ಓದಿದ್ದರೆ ಮಾರ್ಗದರ್ಶಕರಿಗೆ ನೀವೇ ಪ್ರಶ್ನೆ ಕೇಳುವ ಹಾಗಾಗುತ್ತೀರಿ.

ಹೆಸರುಗಳಲ್ಲಿ ಒಂದು ಗೊಂದಲ: ಕಡತಗಳಲ್ಲಿ ಪೊವೆಲ್ ‘ಪೇನ್’ ಎಂದಿರುತ್ತಾನೆ. ಅವನೇ ಇಟ್ಟುಕೊಂಡಿದ್ದ ಸುಳ್ಳು ಹೆಸರದು.

ದಾರಿಹೋಕ
ಮುದ್ದೆಮಾಲು ಎಲ್ಲ ಆ ಕೋಣೆಯಲ್ಲೇ ಇದೆಯೇ?

ಸಾಕ್ಷಿಪುಟ
ಇಲ್ಲ, ಅಲ್ಲಿ ಹುಡುಕಬೇಡಿ. ಬೂತ್‌ನ ಡೆರಿಂಜರ್ ಪಿಸ್ತೂಲು, ಮುರಿದ ಕಾಲಿನಿಂದ ಡಾಕ್ಟರ್ ಮಡ್ ಕತ್ತರಿಸಿ ತೆಗೆದ ಬೂಟು, ಬೂತ್‌ನ ದಿನಚರಿ, ಇವು ಫೋರ್ಡ್ಸ್ ಥಿಯೇಟರಿನ ಮ್ಯೂಸಿಯಂನವು. ಬೂಟಿನ ಒಳಗೆ ‘ಜೆ. ವಿಲ್ಕ್ಸ್’ ಎಂದು ಬರೆದಿತ್ತು, ಮಡ್ ವಿರುದ್ಧ ಹಿಡಿದದ್ದು ಅದನ್ನೇ. ದಿನಚರಿಯ ವಿಷಯ ಸ್ವಾರಸ್ಯ: ಬೂತ್ ಸತ್ತಾಗ ಅವನ ಜೇಬಿನಲ್ಲೇ ಸಿಕ್ಕಿದ್ದ ಅದನ್ನು ಈ ವಿಚಾರಣೆಯಲ್ಲಿ ಹಾಜರುಪಡಿಸಲೇ ಇಲ್ಲ. ಸಾರ್ವಜನಿಕರಿಗೆ ಗೊತ್ತಾದದ್ದು 1867ರಲ್ಲಿ.

ನಕ್ಷೆಗಾರ
ಹಾಗಾಗಿ ಒಂದು ದಿನದ ಸುತ್ತು ಹೀಗಿರಲಿ. ಸಾರ್ವಜನಿಕ ದಿನ ಗ್ರ್ಯಾಂಟ್ ಹಾಲ್ ಮೊದಲು, ಬೆಳಗ್ಗೆಯೇ, ಏಕೆಂದರೆ ಗೇಟಿನ ಸಾಲು ಹೊತ್ತೇರಿದಂತೆ ಬೆಳೆಯುತ್ತದೆ. ಮುಗಿಸಿ ವಾಟರ್‌ಫ್ರಂಟ್‌ನಿಂದ ಗ್ರೀನ್ ಲೈನ್ ಹಿಡಿದರೆ ಮೂರನೇ ನಿಲ್ದಾಣ ಗ್ಯಾಲರಿ ಪ್ಲೇಸ್. ಅಲ್ಲಿಂದ ಎಚ್ ಸ್ಟ್ರೀಟ್‌ನ 604ನೇ ಕಟ್ಟಡ ನಾಲ್ಕು ಹೆಜ್ಜೆ. ಅದೇ ಮೇರಿ ಸರ‍್ರಾಟ್‌ಳ ವಸತಿಗೃಹ. ಆಗ ಅದರ ಸಂಖ್ಯೆ 541, ಹಳೇ ಕಾಗದಗಳಲ್ಲಿ ಹಾಗೇ ಇರುತ್ತದೆ, ತಪ್ಪು ಮನೆ ಎಂದುಕೊಳ್ಳಬೇಡಿ. ಗೋಡೆಯ ಮೇಲೆ ಫಲಕವಿದೆ. ಒಳಗಡೆ ನೋಡಲು ಮ್ಯೂಸಿಯಂ ಏನಿಲ್ಲ. ಅಲ್ಲಿಂದ ಫೋರ್ಡ್ಸ್ ಥಿಯೇಟರಿಗೆ ನಡೆದೇ ಹೋಗಬಹುದು, ಎದುರಿಗೇ ಲಿಂಕನ್ ಪ್ರಾಣಬಿಟ್ಟ ಪೀಟರ್ಸನ್ ಮನೆ. ಥಿಯೇಟರಿಗೆ ಸಮಯ ನಿಗದಿಯಾದ ಟಿಕೆಟ್. ಮಧ್ಯಾಹ್ನ ಎರಡೂವರೆಗಿಂತ ಮುಂಚಿನದು ತೆಗೆದುಕೊಂಡರೆ ಗೇಟಿನಲ್ಲಿ ತಡವಾದಾಗ ಕೈತಪ್ಪುತ್ತದೆ.

ಮೇರಿಲ್ಯಾಂಡ್‌ನ ಸರ‍್ರಾಟ್ ಹೆಂಡದಂಗಡಿ, ಡಾಕ್ಟರ್ ಮಡ್ ಮನೆ ಎರಡನ್ನೂ ಅದೇ ದಿನಕ್ಕೆ ತುರುಕಬೇಡಿ. ಕಾರು ಬೇಕು, ಇನ್ನೊಂದು ದಿನ ಬೇಕು. ಬಾಗಿಲು ತೆರೆದಿದೆಯೇ ಎಂದು ಎರಡಕ್ಕೂ ಮೊದಲೇ ವಿಚಾರಿಸಿಯೇ ಹೊರಡಿ.

ಮೂಕಪ್ರೇಕ್ಷಕ
ಸಾರ್ವಜನಿಕ ದಿನ ತಪ್ಪಿದರೆ ಹೊರಗಿನಿಂದಾದರೂ ಕಟ್ಟಡ ಕಾಣುತ್ತದೆಯೇ?

ನಕ್ಷೆಗಾರ
ನಿರೀಕ್ಷೆ ಬೇಡ. ವಾಷಿಂಗ್ಟನ್ ಚಾನಲ್ ಆಚೆ ಈಸ್ಟ್ ಪೊಟೋಮ್ಯಾಕ್ ಪಾರ್ಕ್‌ನಿಂದ ನೋಡಿದರೆ ನೀರಿನ ಅಂಚಿಗೆ ಅಧಿಕಾರಿಗಳ ಮನೆಗಳ ಸಾಲು ಚೆನ್ನಾಗಿ ಕಾಣುತ್ತದೆ. ಗ್ರ್ಯಾಂಟ್ ಹಾಲ್ ಅದರ ಹಿಂದೆ ಒಳಗಡೆ ಇದೆ. ಆ ದಿನವನ್ನು ಫೋರ್ಡ್ಸ್ ಥಿಯೇಟರ್ ಮತ್ತು ಸ್ಮಿತ್ಸೋನಿಯನ್‌ಗೆ ಕೊಟ್ಟು, ಮುಂದಿನ ಸಾರ್ವಜನಿಕ ದಿನದ ಪ್ರಕಟಣೆಗೆ ಕಾಯಿರಿ.

ದಾರಿಹೋಕ
ಗುರುತು ಮಾಡಿಕೊಂಡೆ. ಮೊದಲು ಪ್ರಕಟಣೆ, ಆಮೇಲೆ ಟಿಕೆಟ್. ಲಾಯ್ಡ್ ಹೇಳಿಕೆಯನ್ನು ಪೂರ್ ಸಂಪುಟದಲ್ಲೇ ಓದಿಕೊಂಡು ಹೋಗುತ್ತೇನೆ.